ಜೀಪಿನ ಹಂದರ

ಇವತ್ತು ಬೆಳಿಗ್ಗೆ ಜೀಪಿನ ನೆತ್ತಿಗೆ ಕಟ್ಟಿದ ಉದ್ದನೆಯ ಚೀಲದ ಜಿಪ್ ಎಳೆದೆ ನೋಡಿ, ಕಾದ ರೆಕ್ಸಿನ್ ವಾಸನೆಯ ಜೊತೆಗೆ ದೋಣಿಮಲೈ ಗಣಿಯ ಕೆಂಪು ಧೂಳೂ ಮುಖಕ್ಕೆ ಹಾರಿತು. ಒಳಗಿರುವುದು ಆನಿಂಗ್, ಸುತ್ತಿಡುವ ಬಟ್ಟೆಯ ಚಪ್ಪರ. ಗಾಡಿಯ ಪಕ್ಕಕ್ಕೆ ಬಿಚ್ಚಿ ಎರಡು ಕೋಲು ಊರಿದರೆ ಮುಗಿಯಿತು, ಕ್ಯಾಂಪಿಂಗ್‌ಗೆ ನೆರಳು ಸಿದ್ಧ. ನನ್ನ ಹೆಂಡತಿ ಗಿರಿಜಾ ಮಾತ್ರ ಅದನ್ನು ಹಂದರ ಎನ್ನುತ್ತಿದ್ದಳು, ಮದುವೆ ಮನೆಯ ಮುಂದೆ ಹಾಕುತ್ತಾರಲ್ಲ, ಹಾಗೆ.

ಅವಳದು ಬಿಸಿಲು ಮೈಗೆ ತಾಗಬಾರದ ಕಾಯಿಲೆ. ಹೊಸಪೇಟೆಯ ಬಿಸಿಲು ನಿಮಗೆ ಗೊತ್ತೇ ಇದೆ. ಪರದೆ ಎಳೆದ ಕೋಣೆಯಲ್ಲಿ ವರ್ಷಗಟ್ಟಲೆ ಇದ್ದು ಒಂದು ದಿನ ಹೇಳಿದಳು: "ಹಗಲಾಗ ಹೊರಗ ಕುಂತು ಮಂದಿ ಮುಖ ನೋಡಬೇಕು ಅನಸ್ತೈತ್ರಿ. ಗ್ವಾಡಿ ನೋಡಿ ನೋಡಿ ಸಾಕಾಗೈತಿ."

ನಾನು ಮೊದಲೇ ಅತಿಬುದ್ಧಿವಂತ. ಮೊಬೈಲಿನಲ್ಲಿ ಈ ಆನಿಂಗ್ ಹುಡುಕಿ, ಬಟ್ಟೆಯ ದಪ್ಪ, ಕೋಲಿನ ಉದ್ದ ಎಲ್ಲ ಓದಿ ಓದಿ ಕೊನೆಗೆ ಬಿಳಿಯದನ್ನು ಆರಿಸಿದೆ. "ಬಿಳೀದು ಬ್ಯಾಡ್ರಿ, ಸಂಡೂರು ರೋಡಿಗೆ ಒಮ್ಮೆ ಹೋಗಿ ಬಂದ್ರ ಕುಂಕುಮದ ಬಟ್ಟಲಾಗತೈತಿ," ಎಂದಳು. ದಪ್ಪ ಕಂದು ಬಟ್ಟೆಯದನ್ನು ತಂದು, ಅವಳು ಇಳಿಯುವ ಎಡಬದಿಗೇ ಕೂಡಿಸಿದೆವು. ಇಳಿದ ಹೆಜ್ಜೆ ನೆರಳಿಗೇ ಬೀಳಬೇಕಲ್ಲ.

ಮೊದಲ ಸಲ ಕಂಪ್ಲಿಯ ಕಾಲುವೆ ದಂಡೆಯಲ್ಲಿ ಬಿಚ್ಚಿದೆ. ನಾವಿಬ್ಬರೇ ಕೂತು ನಾಲ್ಕು ಮಾತಾಡೋಣ ಎಂಬುದು ನನ್ನ ಆಸೆ. ಫ್ಲಾಸ್ಕಿನ ಮುಚ್ಚಳ ತೆಗೆಯುವಷ್ಟರಲ್ಲಿ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಹತ್ತಿ ಬಂದರು. "ಯಕ್ಕಾ, ಚಾದ ಅಂಗಡೇನ್ರಿ?"

ನಾನು ಅಲ್ಲ ಎನ್ನುವ ಮೊದಲೇ ಗಿರಿಜಾ, "ಹೌದು, ಬರ್ರಿ, ಕುಂದ್ರಿ," ಅಂದುಬಿಟ್ಟಳು. ಚಹಾ ಹೋಯಿತು, ಮಂಡಕ್ಕಿ ಒಗ್ಗರಣೆ ಹೋಯಿತು, ನನ್ನ ಕುರ್ಚಿಯೂ ಹೋಯಿತು. ನನ್ನ ಗಂಟು ಮೋರೆ ನೋಡಿ, "ಹಂದರ ಹಾಕಿ ಮಂದೀನ ಬರಬ್ಯಾಡ ಅಂದ್ರ ಹೆಂಗ್ರಿ?" ಎಂದು ನಕ್ಕಳು. ಆ ನಗು ಕೇಳಿ ಭಾಳ ದಿನವಾಗಿತ್ತು. ಆಮೇಲೆ ಹಂಪಿಯ ದಾರಿಯಲ್ಲೋ, ಮರಿಯಮ್ಮನಹಳ್ಳಿಯ ಲಾರಿಗಳ ನಡುವೆಯೋ, ಎಲ್ಲಿ ಬಿಚ್ಚಿದರೂ ಇದೇ ಕತೆ. ಫ್ಲಾಸ್ಕಿನ ಜಾಗಕ್ಕೆ ದೊಡ್ಡ ಕೆಟಲ್ ಬಂತು.

ಹೋದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ವಿಭೂತಿ ಹಚ್ಚಿ, ಹೂ ಹಾಕಿ ಅಂಗಳದಲ್ಲಿ ಕೂಡಿಸಿದರು. ಶಾಮಿಯಾನದವರು ಇನ್ನೂ ಬಂದಿರಲಿಲ್ಲ. ಬಿಸಿಲು ಸರಿಯುತ್ತ ಸರಿಯುತ್ತ ಅವಳ ಪಾದದ ಹತ್ತಿರ ಬಂತು. ನನಗೇನಾಯಿತೋ, ಎದ್ದು ಹೋಗಿ ಜೀಪನ್ನು ಅಂಗಳಕ್ಕೆ ತಂದು ನಿಲ್ಲಿಸಿ ಹಂದರ ಬಿಚ್ಚತೊಡಗಿದೆ.

"ಈಗ್ಯಾಕೋ ತಮ್ಮಾ ಅದೆಲ್ಲ?" ಎಂದಳು ನನ್ನ ಅಕ್ಕ.

"ಬಿಸಲು ಆಕಿಗೆ ಆಗಂಗಿಲ್ಲ ಯಕ್ಕಾ."

ಅಕ್ಕ ಬಂದು ಇನ್ನೊಂದು ಕೋಲು ಹಿಡಿದಳು. ಗಿರಿಜಾ ನೆರಳಿನಲ್ಲಿ ಕುಳಿತಿದ್ದಳು, ಮಂದಿ ಬರುತ್ತಲೇ ಇದ್ದರು. ಅವಳಿಗೆ ಬೇಕಾಗಿದ್ದ ಮಂದಿಯೆಲ್ಲ ಬಂದರು, ಅವಳೊಬ್ಬಳೇ ಅವರ ಮುಖ ನೋಡಲಿಲ್ಲ.

ಅಂದು ಮಡಚಿಟ್ಟದ್ದನ್ನು ಇವತ್ತು ಕೊಡವೋಣವೆಂದು ಮನೆಯ ಮುಂದೆ ಬಿಚ್ಚಿದೆ. ಸೊಪ್ಪು ಮಾರುವ ಹೆಂಗಸೊಬ್ಬಳು, ಓಣಿಗೆ ಹೊಸಬಳು, ನೆರಳು ಕಂಡು ಬುಟ್ಟಿ ಇಳಿಸಿ ಕೂತಳು. "ಅಮ್ಮಾರಿಲ್ಲೇನ್ರಿ ಮನ್ಯಾಗ?"

ಗೊತ್ತಿಲ್ಲದವರು ಕೇಳಿದರೆ ಇಷ್ಟು ದಿನ, ಊರಿಗೆ ಹೋಗಿದ್ದಾಳೆ ಎನ್ನುತ್ತಿದ್ದೆ. ಇವತ್ತು, "ಇಲ್ಲವ್ವ, ತೀರಿಕೊಂಡಳು," ಅಂದೆ.

ಅವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ಹಂಗ್ಯಾಕ ಬಿಸಲಾಗ ನಿಂತೀರಿ? ಇತ್ತ ಬಂದು ಕುಂದ್ರಿ."

ಹೋಗಿ ಕುಳಿತೆ.