ಇಬ್ಬರು ಹೆಂಗಸರು ಮಡಿಕೇರಿಯಲ್ಲಿ ಊಟ ಹುಡುಕಿದ್ದು

ನನ್ನ ಮಂಡಿನೋವು ಶುರುವಾದದ್ದು ಮಡಿಕೇರಿಯಲ್ಲಿ ಎಂದು ಈಗಲೂ ಹೇಳುತ್ತೇನೆ. ಡಾಕ್ಟರು ನಂಬುವುದಿಲ್ಲ. ವಯಸ್ಸಾಯಿತು, ಅಷ್ಟೇ ಅನ್ನುತ್ತಾರೆ. ಒಂದು ಹೊತ್ತಿನ ಊಟಕ್ಕಾಗಿ ಆ ಊರಿನ ಏರು ಹತ್ತಿ, ಇಳಿದು, ಮತ್ತೆ ಹತ್ತಿದವರಿಗೆ ಮಾತ್ರ ಅದು ಅರ್ಥವಾದೀತು.

ಕೊಡಗು ಆಗ ಒಂದು ರಾಜ್ಯ. ಹಾಗಾಗಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಸೇರುವ ಸಭೆಗೆ ರಾಜ್ಯ ಸಮ್ಮೇಳನ ಎಂಬ ದೊಡ್ಡ ಹೆಸರು. ರಾಜ್ಯದ ಗಡಿಯಲ್ಲಿದ್ದ ನಾವು ಬೆಳಗಿನ ಬಸ್ಸು ಹತ್ತಿದರೆ ಬಿಸಿಲೇರುವ ಮೊದಲು ರಾಜಧಾನಿಯಲ್ಲಿ ಇಳಿಯುತ್ತಿದ್ದೆವು. ರಾಜ್ಯ ಎಷ್ಟೇ ಸಣ್ಣದಿರಲಿ, ಹೊಟ್ಟೆ ಅದೇ ಅಳತೆಯದು. ಮಲಗಲು ಒಂದು ಶಾಲೆಯ ಕೊಠಡಿ ಕೊಟ್ಟಿದ್ದರು. ಊಟ ಅವರವರ ಪಾಡು, ಒಲೆ ಹಚ್ಚಬಾರದು ಎಂದು ಮೊದಲೇ ಹೇಳಿಬಿಟ್ಟಿದ್ದರು.

ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆ ನಿಂತ ಒಕ್ಕಲು ಮನೆ. ಅತ್ತೆಯ ಜೊತೆ ಸಂತೆಯಲ್ಲಿ ಸೊಪ್ಪು, ಹುರುಳಿಕಾಯಿ ಮಾರಿದವಳು ನಾನು. ಆ ದುಡ್ಡಿನಲ್ಲಿ ಹಳೆಯದೊಂದು ಹೊಲಿಗೆ ಮೆಷಿನ್ ಕೊಂಡು, ಅದನ್ನು ತುಳಿದು ತುಳಿದೇ ಹೊಲಿಗೆ ಟೀಚರಾದೆ. ಚೌಕಾಶಿ ನನಗೆ ಉಸಿರಾಟದಷ್ಟೇ ಸಲೀಸು. ನನ್ನ ಜೊತೆ ಬಂದವಳು ನಮ್ಮ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುವ ಹುಡುಗಿ. ತವರು ಪುತ್ತೂರಿನ ಕಡೆ, ಗಂಡ ನಮ್ಮೂರ ದೇವಸ್ಥಾನದ ಅರ್ಚಕರು. ತಟ್ಟೆಕಾಸು ನಂಬಿ ಸಂಸಾರ ನಡೆಯುವುದಿಲ್ಲವಾದ್ದರಿಂದ ಮನೆಗೆ ಅವಳ ಸಂಬಳವೇ ಆಧಾರ, ಆ ಕೆಲಸವೋ ಹಂಗಾಮಿ. ಸಮ್ಮೇಳನದ ಕೊನೆಯ ದಿನ, ಶುಕ್ರವಾರ ಮಧ್ಯಾಹ್ನ, ಇನ್‌ಸ್ಪೆಕ್ಟರರ ಮುಂದೆ ಅವಳು ಮಾದರಿ ಪಾಠ ಮಾಡಬೇಕಿತ್ತು. ಅದು ಚೆನ್ನಾಗಿ ನಡೆದರೆ ಕೆಲಸ ಖಾಯಂ.

ಬಸ್ಸಿನಲ್ಲಿ ಸುಂಟಿಕೊಪ್ಪ ದಾಟುವಾಗ ಅವಳು ಕಿಟಕಿಯಿಂದ ಹೊರಗೆ ಬಾಗಿ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ನನ್ನ ಕಡೆ ನೋಡಿದ್ದೇ ತಡ, ನನಗೆ ತಿಳಿಯಿತು.

"ಎಷ್ಟು ತಿಂಗಳಾಯ್ತೇ?" ಎಂದೆ.

"ಮೂರು ಕಳೀತು ಅಕ್ಕ. ಯಾರ ಹತ್ರವೂ ಹೇಳ್ಬೇಡಿ. ಗೊತ್ತಾದ್ರೆ ನನ್ನನ್ನು ಖಾಯಂ ಮಾಡುದಿಲ್ಲ. ಹೊಟ್ಟೆ ಖಾಲಿ ಬಿಟ್ರೆ ತಲೆ ತಿರುಗ್ತದೆ, ಅಷ್ಟೇ."

ಅಷ್ಟೇ ಅಂತೆ. ಖಾಲಿ ಹೊಟ್ಟೆಯಲ್ಲಿ ನಿಂತು ಪಾಠ ಮಾಡಿ ಇನ್‌ಸ್ಪೆಕ್ಟರರ ಎದುರೇ ಕುಸಿದರೆ, ಹೇಳದಿದ್ದರೂ ಊರಿಗೆಲ್ಲ ತಿಳಿಯುತ್ತದೆ. ಇವಳಿಗೆ ಹೊತ್ತುಹೊತ್ತಿಗೆ ಬಿಸಿ ಅನ್ನ ಸಿಗುವ ಹಾಗೆ ಮಾಡುವುದೇ ನನ್ನ ಸಮ್ಮೇಳನ ಎಂದು ಅಲ್ಲೇ ತೀರ್ಮಾನಿಸಿದೆ. ಭಾಷಣ ಯಾರು ಬೇಕಾದರೂ ಕೇಳಲಿ.

ಕಟ್ಟಿಕೊಂಡು ಹೋಗಿದ್ದ ಅಕ್ಕಿರೊಟ್ಟಿ ಬುಧವಾರ ಮಧ್ಯಾಹ್ನಕ್ಕೇ ಮುಗಿಯಿತು. ಮಡಿಕೇರಿಯ ಟೀಚರುಗಳು ಒಬ್ಬಿಬ್ಬರು ಮನೆಗೆ ಕರೆದರು. ಇವಳು ಒಪ್ಪಲಿಲ್ಲ. "ಅವರ ಮನೆಯಲ್ಲಿ ವಾಂತಿ ಮಾಡಿದ್ರೆ ನಾಳೆ ಸಭೆಗೆಲ್ಲ ಗೊತ್ತಾಗ್ತದೆ" ಎಂದಳು. ಅದೂ ನಿಜವೇ. ಸಂಜೆ ಇಬ್ಬರೂ ಪೇಟೆಗೆ ಹೊರಟೆವು.

ಈಗ ಹೊಸ ಊರಿಗೆ ಕೆಲಸದ ಮೇಲೆ ಹೋಗುವವರು ಒಂದು ಮಾತು ಕೇಳಿ. ಬಸ್ ಸ್ಟ್ಯಾಂಡಿಗೆ ಮುಖ ಮಾಡಿದ ಹೋಟೆಲಿಗೆ ಹೋಗಬೇಡಿ. ಅಲ್ಲಿ ಉಣ್ಣುವವನು ಮತ್ತೆ ಬರುವವನಲ್ಲ ಎಂದು ಅವರಿಗೆ ಗೊತ್ತು, ಸಾರಿಗೆ ನೀರು ಬಿಡುತ್ತಾರೆ. ಕಚೇರಿ ಗುಮಾಸ್ತರು ಮಧ್ಯಾಹ್ನ ಯಾವ ಕಡೆ ನಡೆಯುತ್ತಾರೆ ನೋಡಿ, ಅವರ ಹಿಂದೆ ಹೋಗಿ. ತಿಂಗಳಿಡೀ ಅಲ್ಲೇ ಉಣ್ಣುವವನಿಗೆ ಮೋಸ ಮಾಡಿದರೆ ಹೋಟೆಲು ಉಳಿಯುವುದಿಲ್ಲ. ಬೆಲೆ ಮಾತಾಡುವುದಿದ್ದರೆ ಬಾಗಿಲಲ್ಲೇ ಆಡಿ, ಕೂತ ಮೇಲೆ ನಿಮ್ಮ ಮಾತಿಗೆ ತೂಕವಿಲ್ಲ.

ಇದೆಲ್ಲ ಗೊತ್ತಿದ್ದ ನನಗೆ ಗೊತ್ತಿಲ್ಲದ್ದು ಒಂದಿತ್ತು. ನಮ್ಮೂರಲ್ಲಿ ಹೋಟೆಲಿಗೆ ಹೋಗಿ ಅಭ್ಯಾಸವಿಲ್ಲ, ಮನೆಯಿದ್ದವರು ಹೋಟೆಲಿಗೆ ಯಾಕೆ ಹೋಗುತ್ತಾರೆ? ಕೋಟೆಯ ಕಚೇರಿಗಳಿಂದ ಇಳಿದು ಬರುವ ದಾರಿಯಲ್ಲಿ ಒಂದು ಬ್ರಾಹ್ಮಣರ ಹೋಟೆಲು ಹುಡುಕಿದೆ. ಚೊಕ್ಕ ಜಾಗ, ತುಪ್ಪದ ವಾಸನೆ. ಗಲ್ಲಾದ ಮೇಲೆ ಕೂತಿದ್ದ ಭಟ್ಟರು ನಮ್ಮ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ ನೋಡಿದರು.

"ಗಂಡಸರು ಎಲ್ಲಿ?"

"ಗಂಡಸರು ಬಂದಿಲ್ಲ. ಉಣ್ಣೋರು ನಾವು."

"ಹಾಗೆ ಆಗುದಿಲ್ಲ ಅಮ್ಮ. ಹೆಂಗಸರಿಗೆ ಫ್ಯಾಮಿಲಿ ರೂಮ್ ಉಂಟು. ಗಂಡಸರೊಟ್ಟಿಗೆ ಬಂದ್ರೆ ಮಾತ್ರ ಅದರಲ್ಲಿ ಕೂರಿಸುದು. ಹೊರಗೆ ಹಾಲ್‌ನಲ್ಲಿ ಕೂರಿಸಿದ್ರೆ ಜನ ನನ್ನನ್ನು ಬಿಡುದಿಲ್ಲ."

ಫ್ಯಾಮಿಲಿ ರೂಮ್ ಅಂದರೆ ರೂಮೂ ಅಲ್ಲ, ಹಾಲಿನ ಮೂಲೆಗೆ ಅಡ್ಡ ಇಟ್ಟ ಹಲಗೆಯ ಮರೆ. ಅದರೊಳಗೆ ಒಂದು ಮೇಜು, ಅದಕ್ಕೊಂದು ಹೆಚ್ಚಿನ ದರ. ಉಳಿದ ಹೋಟೆಲುಗಳಲ್ಲೂ ಇದೇ ಉತ್ತರ. ಒಬ್ಬನಂತೂ ನಮ್ಮನ್ನು ಮಾತಾಡಿಸಲೂ ಇಲ್ಲ, ಮಾಣಿಯನ್ನು ಕಳಿಸಿ ಹೇಳಿಸಿದ. ಮಾಪಿಳ್ಳೆಗಳ ಚಹಾದಂಗಡಿಯವನು ಪಾಪ ಬೆಂಚು ಒರೆಸಿ ಬನ್ನಿ ಎಂದ. ನಾನು ಕೂತುಬಿಡುತ್ತಿದ್ದೆ. ಒಳಗೆ ಮೀನು ಹುರಿಯುತ್ತಿದ್ದರು, ಇವಳು ಸೆರಗು ಮೂಗಿಗೆ ಒತ್ತಿಕೊಂಡು ರಸ್ತೆಯ ಆಚೆ ಬದಿಗೆ ಓಡಿದಳು. ಆ ಸಂಜೆ ಬನ್ನು, ಬಾಳೆಹಣ್ಣು ಕೊಂಡು ಶಾಲೆಗೆ ಮರಳಿದೆವು. ಚಳಿ, ಮಂಜು, ಕಾಲಿಗೆ ತಗ್ಗು ಯಾವುದು ದಿಣ್ಣೆ ಯಾವುದು ತಿಳಿಯದು. ಅವಳು ಬನ್ನನ್ನು ಅರ್ಧ ತಿಂದಳು, ಅದೂ ಬೆಳಗಿನೊಳಗೆ ಹೊರಗೆ ಬಂತು.

ಗುರುವಾರ ನಾನು ಒಬ್ಬ ಗಂಡಸನ್ನು ಹಿಡಿದೆ. ಸೋಮವಾರಪೇಟೆಯ ಕಡೆಯ ಮುದಿ ಹೆಡ್‌ಮಾಸ್ಟರು. ಹೇಗೂ ಊಟಕ್ಕೆ ಹೊರಟಿದ್ದರು. "ಸಾರ್, ನಮ್ಮ ಜೊತೆ ಕೂತ್ಕೊಳ್ಳಿ, ನಿಮ್ಮ ಕಾಫಿ ನಮ್ಮದು" ಎಂದೆ.

"ಕಾಫಿ ಜೊತೆ ಒಂದು ಬಾದೂಷ?" ಎಂದರು. ನನಗಿಂತ ದೊಡ್ಡ ಚೌಕಾಶಿಯವರು. ಬಾದೂಷವನ್ನು ಬಾಳೆಹಣ್ಣಿಗೆ ಇಳಿಸಿದೆ.

ಭಟ್ಟರು ಮೂವರನ್ನೂ ನೋಡಿದರು. "ಇವರು ನಿಮಗೆ ಏನಾಗ್ಬೇಕು?"

"ಅಣ್ಣ" ಎಂದೆ.

"ಇಬ್ಬರಿಗೂ?"

"ಅಣ್ಣ ಅಂದ್ಮೇಲೆ ಎಷ್ಟು ಜನಕ್ಕಾದ್ರೂ ಅಣ್ಣನೇ ಅಲ್ವಾ ಭಟ್ರೇ?"

ಅವರು ನಗು ತಡೆದುಕೊಂಡು ಮರೆಯೊಳಗೆ ಕಳಿಸಿದರು. ಅಲ್ಲೇ ನಿಂತು ಮರೆಯ ಹೆಚ್ಚಿನ ದರ ಬಿಡಿಸಿದೆ, ಶುಕ್ರವಾರವೂ ಬರುತ್ತೇವೆ, ಇದೇ ದರ ಎಂದು ಒಪ್ಪಿಸಿದೆ. ಬಡಿಸುವಾಗ ಭಟ್ಟರು ಇವಳ ಊರು, ಮನೆ ವಿಚಾರಿಸಿ, ನಮ್ಮೂರ ಅರ್ಚಕರ ಮನೆಯ ಸೊಸೆ ಎಂದು ತಿಳಿದುಕೊಂಡರು. ಅನ್ನ ಬಿಸಿಯಾಗಿತ್ತು. ಇವಳು ಸಾರನ್ನ ಉಂಡಳು, ಮಜ್ಜಿಗೆಯನ್ನ ಉಂಡಳು, ಕಣ್ಣಿಗೆ ಸ್ವಲ್ಪ ಬೆಳಕು ಬಂತು. ಹೆಡ್‌ಮಾಸ್ಟರು ಹುಳಿಯ ಒಂದೊಂದು ಹೋಳಿಗೂ ಶಿಕ್ಷಣ ಇಲಾಖೆಯ ಒಂದೊಂದು ದೋಷ ಹೇಳುತ್ತಾ ಉಂಡರು. ಮಧ್ಯಾಹ್ನದ ಸಭೆಗೆ ತಡವಾಯಿತು. ಆದರೂ ನಾಳೆಯ ಊಟ ಕುದುರಿತಲ್ಲ ಎಂದು ಆ ರಾತ್ರಿ ಹಾಯಾಗಿ ಮಲಗಿದೆ.

ಊರೂರ ಸಂತೆ ಸುತ್ತಿದವಳು ನಾನು, ಯಾವ ಊರಿನ ಸಂತೆ ಯಾವ ವಾರ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಮಡಿಕೇರಿ ಸಂತೆ ಶುಕ್ರವಾರ ಎಂಬುದೂ ಗೊತ್ತು. ಸಂತೆಯ ದಿನ ತರಕಾರಿಯ ಬೆಲೆ ಏನಾಗುತ್ತದೆ ಎಂದು ಲೆಕ್ಕ ಹಾಕುವವಳಿಗೆ ಹೋಟೆಲು ಏನಾಗುತ್ತದೆ ಎಂಬ ಲೆಕ್ಕ ಹೊಳೆಯಲಿಲ್ಲ. ಸಂತೆಗೆ ಬುತ್ತಿ ಕಟ್ಟಿಕೊಂಡು ಹೋದವಳಿಗೆ ಅದು ಹೊಳೆಯುವುದಾದರೂ ಹೇಗೆ?

ಶುಕ್ರವಾರ ಬೆಳಗ್ಗೆ ಅವಳು ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಬೆಳಗಿನ ಸಭೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದೆ. ಮಧ್ಯಾಹ್ನ ಬಿಟ್ಟ ತಕ್ಷಣ ಹೆಡ್‌ಮಾಸ್ಟರನ್ನು ಎಳೆದುಕೊಂಡು ಹೋಟೆಲಿಗೆ ಬಂದರೆ ಮರೆಯೇ ಇಲ್ಲ. ಹಲಗೆಗಳನ್ನು ಮಡಚಿ ಗೋಡೆಗೆ ಒರಗಿಸಿದ್ದಾರೆ. ಮೂಲೆಯಿಂದ ಮೂಲೆಗೆ ಉದ್ದ ಬೆಂಚುಗಳು. ಕಾಫಿ ಕೀಳುವ ಪಿಕ್ಕಿಂಗ್ ಕಾಲ, ಸುತ್ತಲಿನ ಎಸ್ಟೇಟುಗಳ ಕೂಲಿ ಲೈನುಗಳಿಂದ ಜನ ಸಂತೆಗೆ ಇಳಿದಿದ್ದರು. ಬುಟ್ಟಿ, ಚೀಲ, ಕಾಲು ಕಟ್ಟಿದ ಕೋಳಿ, ಎಲ್ಲದರ ನಡುವೆ ಎಲೆಗಳು.

"ಇವತ್ತು ಸಂತೆಯಲ್ವಾ ಅಮ್ಮ" ಎಂದರು ಭಟ್ಟರು. "ಸಂತೆ ದಿನ ಫ್ಯಾಮಿಲಿ ರೂಮ್ ಇಲ್ಲ. ಊರಿಗೆಲ್ಲ ಗೊತ್ತುಂಟು."

"ಊರಿಗೆ ಗೊತ್ತಿದ್ರೆ ನನಗೇನು? ನಿನ್ನೆ ಒಪ್ಪಿದ್ರಲ್ಲ."

"ದರ ಒಪ್ಪಿದ್ದು ಹೌದು. ಜಾಗ ಎಲ್ಲಿಂದ ತರುದು?"

ಆ ಹೊತ್ತಿಗೆ ಬೆಂಚಿನಲ್ಲಿ ಒಬ್ಬ ಎದ್ದ. ನಮ್ಮ ಅಣ್ಣ ಎನ್ನಿಸಿಕೊಂಡವರು ಸರ್ರನೆ ಹೋಗಿ ಅಲ್ಲಿ ಕೂತು, "ನೀವು ಬೇರೆ ಕಡೆ ನೋಡ್ಕೊಳ್ಳಿ ತಾಯಿ, ನಂಗೆ ಸಕ್ಕರೆ ಕಾಯಿಲೆ" ಎಂದರು. ಬೈಯುತ್ತಾ ನಿಲ್ಲುವ ಹಾಗಿರಲಿಲ್ಲ. ಪಾಠಕ್ಕೆ ಹೊತ್ತಾಗುತ್ತಿತ್ತು. ಮಜ್ಜಿಗೆಯನ್ನವನ್ನು ಎಲೆಯಲ್ಲಿ ಕಟ್ಟಿಕೊಡಿ, ಹಿಂದಿನ ಹಿತ್ತಿಲಲ್ಲಿ ನಿಂತು ಉಣ್ಣುತ್ತಾಳೆ ಎಂದು ಭಟ್ಟರ ಹತ್ತಿರ ಶುರು ಮಾಡಿದೆ. ಅವರು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಾರೆ ಎಂದರು. ಹಾಗಾದರೆ ಅಡುಗೆಮನೆಯ ಬಾಗಿಲಲ್ಲಿ ಎಂದೆ. ಅದು ಮಡಿ ಎಂದರು. ಮಾತು ಬೆಳೆಯಿತು. ತಿರುಗಿ ನೋಡಿದರೆ ಇವಳು ಪಕ್ಕದಲ್ಲಿಲ್ಲ.

ಹಾಲಿನ ಒಂದು ಬೆಂಚಿನ ತುಂಬ ಎಸ್ಟೇಟಿನ ಹೆಂಗಸರು. ಗಂಡಸರ ಬೆಂಚಿಗೆ ಬೆನ್ನು ಕೊಟ್ಟು, ಯಾರ ಪರಿವೆಯೂ ಇಲ್ಲದೆ ಉಣ್ಣುತ್ತಿದ್ದರು. ಅವರಿಗೆ ಗಂಡಸರು ಎಲ್ಲಿ ಎಂದು ಯಾರೂ ಕೇಳಿರಲಿಲ್ಲ, ಮರೆಯ ಮಾತನ್ನೂ ಎತ್ತಿರಲಿಲ್ಲ. ಇವಳು ಆ ಬೆಂಚಿನ ತುದಿಯಲ್ಲಿ ನಿಂತಿದ್ದಳು. ಹಣೆಯಲ್ಲಿ ಬೆವರು. ಕಪ್ಪಗಿನ ದಪ್ಪ ಹೆಂಗಸೊಬ್ಬಳು ತಲೆಯೆತ್ತಿ ನೋಡಿ, ತನ್ನ ಗಂಟನ್ನು ಬೆಂಚಿನಿಂದ ಕಾಲಡಿಗೆ ತಳ್ಳಿದಳು.

"ಉಕ್ಕಾರು ಅಮ್ಮಾ, ಕೂತ್ಕೋ. ಎಷ್ಟ್ ತಿಂಗ್ಳು?"

ಇವಳು ಕೂತಳು. ಭಟ್ಟರು ಗಲ್ಲಾ ಬಿಟ್ಟು ಓಡಿ ಬಂದರು. ದನಿ ತಗ್ಗಿಸಿ, "ಏನಿದು ಮಾರಾಯ್ತಿ, ಇವರ ಪಂಕ್ತಿಯಲ್ಲಿ! ನಿಮ್ಮ ಮಾವನವರು ಮಡಿಕೇರಿಗೆ ಬಂದ್ರೆ ಇಲ್ಲಿಯೇ ಕಾಫಿ ಕುಡಿಯುದು. ನಾಳೆ ಕೇಳಿದ್ರೆ ನಾನು ಏನು ಹೇಳುದು?" ಎಂದರು.

"ಸೊಸೆ ಹಸಿದು ಬಂದಿದ್ಲು, ಬಡಿಸಿದೆ ಅಂತ ಹೇಳಿ" ಎಂದಳು. "ಇವರಿಗೆ ಬಡಿಸ್ತೀರಲ್ಲ. ನನಗೂ ಒಂದು ಎಲೆ ಹಾಕಿ."

ಅವಳ ದನಿಯಲ್ಲಿ ಜಗಳವಿರಲಿಲ್ಲ. ದಣಿದವರ ದನಿ ಅದು, ಅದರ ಜೊತೆ ವಾದ ಮಾಡುವುದು ಕಷ್ಟ. ದಪ್ಪ ಹೆಂಗಸು ಭಟ್ಟರ ಕಡೆ ಸಾರಿನ ಕೈ ಆಡಿಸಿ, "ಹಾಕಯ್ಯಾ ಸಾಮಿ, ಬಸ್ರಿ ಹೆಂಗ್ಸು. ಯೋಚ್ನೆ ಆಮೇಲ್ ಮಾಡು" ಎಂದಳು. ಇಡೀ ಬೆಂಚು ನಕ್ಕಿತು. ಮುಚ್ಚಿಟ್ಟಿದ್ದ ಗುಟ್ಟು ಹಾಲಿಗೆಲ್ಲ ಕೇಳಿತಲ್ಲ ಎಂದು ನಮ್ಮ ಅಣ್ಣನ ಕಡೆ ನೋಡಿದೆ. ಹೆಡ್‌ಮಾಸ್ಟರು ಎಲೆಯಿಂದ ತಲೆ ಎತ್ತಲಿಲ್ಲ. ಕೇಳಿಸಿರಲಿಲ್ಲವೋ, ಕೇಳಿಸದ ಹಾಗೆ ಇದ್ದರೋ, ಅವರ ಬಾಯಿಂದ ಆ ಮಾತು ಯಾವತ್ತೂ ಹೊರಬೀಳಲಿಲ್ಲ.

ಭಟ್ಟರು ಹೋಗಿ ಎಲೆ ತಂದರು. ತಾವೇ ಬಡಿಸಿದರು. ನಾನು ಆ ಹೆಂಗಸಿನ ಇನ್ನೊಂದು ಪಕ್ಕದಲ್ಲಿ ಒತ್ತರಿಸಿಕೊಂಡು ಕೂತೆ. ಸಂತೆಯ ಊಟದ ದರ ನಾನು ಗುರುವಾರ ಅಷ್ಟು ಗುದ್ದಾಡಿ ಇಳಿಸಿದ್ದಕ್ಕಿಂತಲೂ ಕಡಿಮೆ ಎಂದು ಆಮೇಲೆ ತಿಳಿಯಿತು. ಅನ್ನ ಸ್ವಲ್ಪ ದಪ್ಪ, ಸಾರು ಖಾರ, ಅಷ್ಟೇ ವ್ಯತ್ಯಾಸ. ಇವಳು ಸಾರು ಮುಟ್ಟಲಿಲ್ಲ. ಮಜ್ಜಿಗೆ, ಉಪ್ಪು, ಅನ್ನ. ಮೊದಲ ತುತ್ತು ನುಂಗಿ ಸ್ವಲ್ಪ ಹೊತ್ತು ಕಾದಳು. ನಾನೂ ಕಾದೆ. ಆ ಹೆಂಗಸೂ ಉಣ್ಣುವುದು ಬಿಟ್ಟು ಕಾದಳು. ಆಮೇಲೆ ಎರಡನೆಯ ತುತ್ತು.

ಪಾಠ ಮುಗಿಯುವವರೆಗೂ ಆ ಅನ್ನ ಹೊಟ್ಟೆಯಲ್ಲಿ ನಿಂತಿತು. ಪಾಠ ಎಂಥದ್ದಿತ್ತು ಎಂದು ಕೇಳಿದರೆ ಹೇಳಲಾರೆ, ಹಿಂದಿನ ಬೆಂಚಿನಲ್ಲಿ ಕೂತು ನಾನು ಅವಳ ಮೊಣಕಾಲನ್ನೇ ನೋಡುತ್ತಿದ್ದೆ. ಒಮ್ಮೆ ಮಾತ್ರ ಕುರ್ಚಿಯ ಬೆನ್ನು ಹಿಡಿದುಕೊಂಡಳು, ಬಿಟ್ಟಳು. ಇನ್‌ಸ್ಪೆಕ್ಟರರು ಹೊರಡುವಾಗ "ದನಿ ಕೊನೆ ಬೆಂಚಿನವರೆಗೂ ಮುಟ್ಟುತ್ತೆ, ಒಳ್ಳೇದು" ಎಂದರು. ಖಾಯಂ ಆದೇಶ ಬಂದಾಗ ಅವಳ ಮಗು ತೊಟ್ಟಿಲಲ್ಲಿತ್ತು. ಬೆಂಚಿನ ಸುದ್ದಿ ಅದಕ್ಕಿಂತ ಎಷ್ಟೋ ಮೊದಲೇ ಮಾವನವರಿಗೆ ಮುಟ್ಟಿತ್ತು. ಒಂದು ತಿಂಗಳು ಅವರು ಸೊಸೆ ಬಡಿಸಿದ್ದು ಉಣ್ಣಲಿಲ್ಲ, ಮಗನ ಕೈಯಲ್ಲಿ ಬಡಿಸಿಕೊಂಡರು. ಅವಳು ಎಂದಿನಂತೆ ಸಂಬಳವನ್ನು ಪ್ರತಿ ತಿಂಗಳೂ ತಂದು ಅತ್ತೆಯ ಕೈಗೆ ಕೊಟ್ಟಳು.

ಆ ಶುಕ್ರವಾರ ಸಂಜೆ ಸಮ್ಮೇಳನ ಮುಗಿದು ಇಳಿಜಾರಿನಲ್ಲಿ ಬರುತ್ತಿದ್ದೆವು. ನನ್ನ ಮಂಡಿ ಒಂದೊಂದು ಹೆಜ್ಜೆಗೂ ಚುಚ್ಚುತ್ತಿತ್ತು. ಇವಳು ನಿಂತು, "ಅಕ್ಕ, ನಂಗೆ ಹಸಿವಾಗ್ತಾ ಉಂಟು" ಎಂದಳು. ಮೂರು ದಿನದಲ್ಲಿ ಆ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಸಂತೆ ಏಳುವ ಹೊತ್ತು. ನೆನಪಿಡಿ, ಹಣ್ಣು ಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಉಳಿದದ್ದನ್ನು ಹೊತ್ತುಕೊಂಡು ಹೋಗಲು ಯಾರಿಗೂ ಇಷ್ಟವಿರುವುದಿಲ್ಲ. ಬುಟ್ಟಿಯ ತಳದ ಕಿತ್ತಳೆಯನ್ನೆಲ್ಲ ಅರ್ಧ ದರಕ್ಕೆ ಸೆರಗಿಗೆ ಹಾಕಿಸಿಕೊಂಡೆ. ಬೀದಿ ಬದಿಯ ಕಲ್ಲಿನ ಮೇಲೆ ಇಬ್ಬರೂ ಕೂತೆವು. ಬಂದು ಹೋಗುವವರೆಲ್ಲ ನೋಡುತ್ತಿದ್ದರು. ನಾನು ಸುಲಿಯುತ್ತಾ ಹೋದೆ, ಅವಳು ತಿನ್ನುತ್ತಾ ಹೋದಳು.