ಅಪ್ಪನ ಕೋಣೆಯ ಗಾಳಿ

ಅಪ್ಪ ಬಂಡೀಪುರದ ಕಾಡಿನಲ್ಲಿ ವಾಚರ್ ಆಗಿದ್ದವರು. ಬೇಸಿಗೆಯಲ್ಲಿ ಯಾರ ಬಾಯಲ್ಲಿ ಬೀಡಿ ಕಂಡರೂ ಕಿತ್ತು, ಮೆಟ್ಟಿ ಆರಿಸುತ್ತಿದ್ದರು. ಅಂಥವರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ದಿನಕ್ಕೆ ಎಷ್ಟು ಬೀಡಿ ಎಂದು ಡಾಕ್ಟರು ಕೇಳಿದರು. ಒಂದೂ ಇಲ್ಲ ಎಂದ ಅಪ್ಪನನ್ನು ಹಂಗಳದ ನಮ್ಮ ಮನೆಯಲ್ಲೇ ಯಾರೂ ನಂಬಲಿಲ್ಲ. ಕಾಡಲ್ಲಿ ಒಬ್ಬನೇ ಏನು ಮಾಡುತ್ತಿದ್ದನೋ ಕಂಡವರಾರು ಎಂದರು ನೆಂಟರು. ನಾನೇನು ಕಡಿಮೆಯೇ? ಈಗಲೂ ಯಾಕೆ ಮುಚ್ಚಿಡುತ್ತೀಯ ಎಂದು ಮುಖಕ್ಕೇ ಕೇಳಿಬಿಟ್ಟೆ.

ಅದೇ ತಿಂಗಳು ಕಾಲೇಜಿನ ಇಬ್ಬರು ಹುಡುಗಿಯರು ಮನೆಮನೆಗೂ ಒಂದು ಪ್ಲಾಸ್ಟಿಕ್ ಡಬ್ಬಿ ತೂಗುಹಾಕುತ್ತಾ ಬಂದರು. ನೆಲದಡಿಯ ಬಂಡೆಯಲ್ಲಿ ಯುರೇನಿಯಂ ಇರುತ್ತದಂತೆ. ಅದರಿಂದ ರೇಡಾನ್ ಎಂಬ ಅನಿಲ ಹುಟ್ಟಿ ನೆಲದ ಬಿರುಕಿನಲ್ಲಿ ಮೇಲೆ ಬರುತ್ತದಂತೆ. ಬಣ್ಣವಿಲ್ಲ, ವಾಸನೆಯಿಲ್ಲ; ಅದನ್ನು ಅಳೆಯಲೆಂದೇ ಈ ಡಬ್ಬಿಯಂತೆ. ಗಾಳಿಯಾಡದ ಕೋಣೆಯಲ್ಲಿ ವರ್ಷಗಟ್ಟಲೆ ಅದನ್ನು ಉಸಿರಾಡಿದರೆ ಬೀಡಿ ಮುಟ್ಟದವರಿಗೂ ಕ್ಯಾನ್ಸರ್ ಬರಬಹುದಂತೆ. ಬಿರುಕು ಮುಚ್ಚಿಸಿ, ಕಿಟಕಿ ತೆರೆದಿಡಿ ಎಂದರು. ಅಪ್ಪ ಅಷ್ಟು ವರ್ಷ ಮಲಗಿದ್ದ ಒಳಕೋಣೆಗೆ ಕಿಟಕಿಯೇ ಇರಲಿಲ್ಲ. ನೆಲದ ಕಲ್ಲುಚಪ್ಪಡಿಗಳ ಸಂದಿಯಿಂದ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು.

ಅಪ್ಪ ಹಾಸಿಗೆಯಲ್ಲಿ ಎದ್ದು ಕೂತರು. "ನನ್ ತಲೆ ಮೇಲ್ಕೇ ಕಟ್ರವ್ವ. ಇದಾದ್ರೂ ನಿಜ ಯೋಳ್ಲಿ."

ಡಬ್ಬಿ ಮೂರು ತಿಂಗಳು ಅಲ್ಲೇ ಇರಬೇಕಿತ್ತು. ಅಷ್ಟರಲ್ಲಿ ಅಪ್ಪನನ್ನು ಚಿಕಿತ್ಸೆಗೆಂದು ಮೈಸೂರಿಗೆ ಕಳಿಸಿದೆವು. ಮರುದಿನವೇ ನನ್ನ ತಮ್ಮ ಡಬ್ಬಿ ಬಿಚ್ಚಿ ಹೊರಗಿನ ಜಗಲಿಯಲ್ಲಿ ನೇತುಹಾಕಿದ. ಸಫಾರಿಗೆ ಬರುವವರಿಗೆ ಕೋಣೆ ಬಾಡಿಗೆಗೆ ಕೊಡುವ ಆಸೆ ಅವನಿಗೆ.

"ಒಳ್ಳೆ ಗಾಳೀಲಿರ್ಲಿ ಬುಡಕ್ಕ. ಮನೆಗ್ಯಾಕೆ ಕೆಟ್ಟೆಸ್ರು?"

ನಾನು ತಡೆಯಲಿಲ್ಲ. ತವರಿನಲ್ಲಿ ತಮ್ಮನ ಜೊತೆ ನಿಷ್ಠುರ ಬೇಡವೆಂದು ಬಾಯಿ ಮುಚ್ಚಿಕೊಂಡೆ. ಮೂರು ತಿಂಗಳು ತುಂಬುತ್ತಾ ಬಂದಾಗ, ಅಪ್ಪ ವಾಪಸು ಬರುವ ಹಿಂದಿನ ದಿನ, ಡಬ್ಬಿ ಮತ್ತೆ ಅವರ ಹಾಸಿಗೆಯ ಮೇಲ್ಗಡೆ ನೇತಾಡಿತು.

ಹುಡುಗಿಯರು ಬಂದು ಡಬ್ಬಿ ಒಯ್ದು, ಕೆಲವು ವಾರಗಳ ನಂತರ ವರದಿ ತಂದುಕೊಟ್ಟರು. ಈ ಕೋಣೆಯಲ್ಲಿ ಏನೂ ಹೆಚ್ಚಿಲ್ಲ ಎಂದು ಅದರಲ್ಲಿತ್ತು. ಓದಿ ಹೇಳಿದವಳೂ ನಾನೇ. ಅಪ್ಪ ಕೇಳಿಸಿಕೊಂಡರು.

"ಅಂಗಾದ್ರೆ ಸುಳ್ಳ ನಾನೇ ಅನ್ನು ಕಣಮ್ಮಿ," ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಆ ಅನಿಲದಿಂದಲೇ ರೋಗ ಬಂತೆಂದು ಇವತ್ತಿಗೂ ನಾನು ಆಣೆಯಿಟ್ಟು ಹೇಳಲಾರೆ. ಡಬ್ಬಿ ಜಗಲಿಯಲ್ಲಿತ್ತು ಎಂದು ಹೇಳಬಹುದಿತ್ತು. ಅಷ್ಟು ಹೇಳಲಾಗದ ನನ್ನ ನಾಲಿಗೆ ಸೇದಿಹೋಗಬೇಕಿತ್ತು.

ಅಪ್ಪ ತೀರಿಹೋದ ಹನ್ನೊಂದನೇ ದಿನದ ತಿಥಿ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವುದು ನಮ್ಮಲ್ಲಿ ವಾಡಿಕೆ. ಮುದ್ದೆ, ಸಾರಿನ ಪಕ್ಕ ತಮ್ಮ ಒಂದು ಕಟ್ಟು ಬೀಡಿ ಇಟ್ಟ. ಅದರಲ್ಲೊಂದನ್ನು ಹಚ್ಚಿ ಫೋಟೋದ ಮುಂದೆ ಒರಗಿಸಿದ. ಹೊಗೆ ಅಪ್ಪನ ಮುಖಕ್ಕೇ ಹೋಗುತ್ತಿತ್ತು. ಎಲ್ಲರೂ ಕೈ ಮುಗಿದರು. ನಾನೂ ಮುಗಿದೆ.