ಟೆಂಪೋ ಅವನದು, ಸಹಿ ಇಬ್ಬರದು

ಬ್ಯಾಡಗಿಯಲ್ಲಿ ಪ್ರೇಮವ್ವನ ಗಿರಣಿಯ ಖಾರದ ಪುಡಿಗೆ ಒಳ್ಳೆಯ ಹೆಸರಿತ್ತು. 2006ರ ಬೇಸಿಗೆಯಲ್ಲಿ ಆ ಹೆಸರು ಕೆಟ್ಟಿತು. ಪುಡಿ ತರಿತರಿಯಾಗಿ ಬರುತ್ತಿದೆ ಎಂದು ಹೆಂಗಸರು ಗೊಣಗತೊಡಗಿದರು. ತಪ್ಪು ಮಷಿನ್ನಿನದಲ್ಲ. ಪ್ರೇಮವ್ವ ಅದನ್ನು ಚಾಲೂ ಮಾಡುತ್ತಿದ್ದಳು, ಅರ್ಧಕ್ಕೇ ನಿಲ್ಲಿಸಿ ಬೀದಿಯ ಕಡೆ ಕಿವಿಗೊಡುತ್ತಿದ್ದಳು. ಆ ಗದ್ದಲದಲ್ಲಿ ಸಾಲ ಕೊಟ್ಟ ಸೊಸೈಟಿಯ ಜೀಪು ಬಂದದ್ದು ಕೇಳದೇ ಹೋದರೆ? ಕೇಳಿಸಿದರೂ ಆಕೆ ಮಾಡುವುದೇನಿತ್ತು ಅನ್ನಬೇಡಿ. ಹೆದರಿದವರಿಗೆ ಅಷ್ಟೆಲ್ಲ ಹೊಳೆಯುವುದಿಲ್ಲ.

ಗಂಡ ಮೈಲೇಶನ ಜೊತೆಗಿನ ಬಾಳ್ವೆ ಮುರಿದು ವರ್ಷವಾಗಿತ್ತು. ಅವನು ರಾಣೆಬೆನ್ನೂರಿನಲ್ಲಿ ಬೇರೊಬ್ಬಳ ಜೊತೆ ಮನೆ ಮಾಡಿದ್ದ. ಪ್ರೇಮವ್ವನ ಸೋದರಮಾವ ಮಲ್ಲೇಶಪ್ಪನೇ ಮುಂದಾಗಿ ಹಿರಿಯರನ್ನು ಕೂಡಿಸಿ, ಗಂಡ ಹೆಂಡತಿ ಬೇರೆಯಾದರೆಂದು ಸೋಡಚೀಟಿ ಬರೆಸಿದ. ಗಿರಣಿ ಅವಳಿಗೆ, ಟೆಂಪೋ ಅವನಿಗೆ, ಟೆಂಪೋ ಕೊಳ್ಳಲು ಮಾಡಿದ ಸಾಲವೂ ಅವನಿಗೇ ಎಂದು ದೇವರ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದರು. ಹಿರಿಯರು ಚಹಾ ಕುಡಿದು, ನ್ಯಾಯ ಹರಿಯಿತೆಂದು ಟವೆಲ್ ಕೊಡವಿ ಎದ್ದರು. ಸಾಲ ಕೊಟ್ಟವರನ್ನು ಒಂದು ಮಾತು ಕೇಳಬೇಕೆಂದು ಆ ಮಹಾಶಯರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸಾಲದ ಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಸಹಿಯೂ ಇತ್ತು. ಟೆಂಪೋ ಜೊತೆಗೆ ಗಿರಣಿಯನ್ನೂ ಅಡವಿಟ್ಟಿದ್ದರು.

ಮೈಲೇಶ ಕಂತು ನಿಲ್ಲಿಸಿದ. ಟೆಂಪೋ ಎಲ್ಲೋ ಮಾಯವಾಯಿತು. ಸೊಸೈಟಿಯ ವಸೂಲಿಗಾರ ಸುನೀಲಕುಮಾರ ನೆಟ್ಟಗೆ ಗಿರಣಿಗೇ ಬಂದ. ಪ್ರೇಮವ್ವ ಧೈರ್ಯವಾಗಿಯೇ ಟ್ರಂಕಿನಿಂದ ಸೋಡಚೀಟಿ ತೆಗೆದು ಕೈಗಿತ್ತಳು. ಅವನು ಪೂರ್ತಿ ಓದಿ, ಮಡಚಿ ಮರಳಿ ಕೊಟ್ಟ.

"ಅಕ್ಕಾರ, ಹಿರೇರು ನಿಮ್ಮನ್ನ ಗಂಡನಿಂದ ಬಿಡಿಸ್ಯಾರ್ರಿ, ಸಾಲದಿಂದ ಬಿಡಿಸಿಲ್ಲ. ಬಸವ ಜಯಂತಿ ಒಳಗ ಟೆಂಪೋ ಸಿಗಲಿಲ್ಲಂದ್ರ ಮಷಿನ್ನಿಗೆ ಸೀಲ್ ಹಾಕಬೇಕಾಗತೈತಿ."

ಆ ಮಷಿನ್ ಬಿಟ್ಟರೆ ಅವಳಿಗೆ ಬೇರೆ ಬದುಕಿರಲಿಲ್ಲ. ಮಲ್ಲೇಶಪ್ಪನ ಹತ್ತಿರ ಹೋದರೆ ಅವನು ಕಾಯಿದೆಯ ಮಾತು ತನಗೆ ತಿಳಿಯುವುದಿಲ್ಲವೆಂದು ಹೇಳಿ, ಬೈಕು ಹತ್ತಿ ಹೊಲಕ್ಕೆ ಹೋದ.

ಹೀಗಿರುವಾಗ ಕಾಗಿನೆಲೆಯ ಬಿಸ್ಮಿಲ್ಲಾಬಿ ಮೆಣಸಿನಕಾಯಿ ಕುಟ್ಟಿಸಲು ಬಂದಳು. ಮಾತಿಗೆ ಮಾತು ಬಂದು, ಮೈಲೇಶನ ಟೆಂಪೋ ತಮ್ಮ ಓಣಿಯ ಹಿತ್ತಲೊಂದರಲ್ಲಿ, ಬಣವೆಯ ಹಿಂದೆ, ತಾಡಪಾಲು ಹೊದ್ದು ನಿಂತಿದೆ ಎಂದಳು. ಈಗ ಪ್ರೇಮವ್ವನಿಗೆ ಒಂದರ ಬದಲು ಎರಡು ಹೆದರಿಕೆ. ಹೇಳದಿದ್ದರೆ ಗಿರಣಿ ಹೋಗುತ್ತದೆ. ಹೇಳಿದರೆ ಮೈಲೇಶ ಬರುತ್ತಾನೆ. ಅವನ ಕೈ ಎಂಥದೆಂದು ಅವಳ ಮೈಗೆ ಚೆನ್ನಾಗಿ ಗೊತ್ತಿತ್ತು. ಸಂಜೆಯತನಕ ಒದ್ದಾಡಿ, ಕೊನೆಗೆ ಪಕ್ಕದ ಅಂಗಡಿಯ ಕಾಯಿನ್ ಬಾಕ್ಸಿನಿಂದ ಸುನೀಲಕುಮಾರನಿಗೆ ಫೋನು ಹಚ್ಚಿದಳು. ಎರಡು ಸಲ ರಾಂಗ್ ನಂಬರಿಗೆ ಹೋಯಿತು.

ಟೆಂಪೋ ಜಪ್ತಾಯಿತು, ಹರಾಜಾಯಿತು. ಬಂದ ಹಣಕ್ಕೆ ಸಾಲ ಪೂರ್ತಿ ಹರಿಯಲಿಲ್ಲ. ಉಳಿದದ್ದನ್ನು ಇಬ್ಬರೂ ಕಂತಿನಲ್ಲಿ ಕಟ್ಟಲಿ, ಅಲ್ಲಿಯವರೆಗೆ ಗಿರಣಿಯನ್ನು ಮುಟ್ಟುವುದಿಲ್ಲ ಎಂದು ಸೊಸೈಟಿಯವರು ಹೇಳಿದರು. ಆ ವಾರವೇ ಒಂದು ಮಧ್ಯಾಹ್ನ, ಗಿರಣಿಯಲ್ಲಿ ಗಿರಾಕಿಗಳು ಯಾರೂ ಇಲ್ಲದಾಗ, ಮೈಲೇಶ ಬಾಗಿಲಲ್ಲಿ ನಿಂತಿದ್ದ.

"ಹಿಡಿಸಿಕೊಟ್ಟಾಕಿ ನೀನ ಹೌದಲ್ಲ?"

ಸುಳ್ಳು ಹೇಳಲು ಕೂಡ ಧೈರ್ಯ ಬೇಕು. ಅದೂ ಪ್ರೇಮವ್ವನ ಬಳಿ ಇರಲಿಲ್ಲ. ಹೌದೆಂದು ತಲೆಯಾಡಿಸಿ, ಏಟು ಬರುವ ಕಡೆ ಮೊಣಕೈ ಅಡ್ಡ ಹಿಡಿದಳು. ಏಟು ಬೀಳಲಿಲ್ಲ. ಅವನು ಕಟ್ಟೆಯ ಮೇಲೆ ಕುಸಿದು ಕೂತ. ಸಂಕ್ರಾಂತಿಯಿಂದ ಜೀಪಿನ ಸಪ್ಪಳ ಕೇಳಿದರೆ ಸಾಕು ಹಿತ್ತಲ ಬಾಗಿಲಿಂದ ಓಡುತ್ತಿದ್ದೆ, ಒಮ್ಮೆ ಗೋಡೆ ಹಾರಿ ಮೊಣಕಾಲು ಹೋಯಿತು, ಟೆಂಪೋ ಹೋದ ದಿನವೇ ಕಣ್ಣಿಗೆ ನಿದ್ದೆ ಹತ್ತಿದ್ದು ಎಂದ. ರಾಣೆಬೆನ್ನೂರಿನವಳೂ ಹೊರಗೆ ಹಾಕಿದ್ದಳಂತೆ. ಪ್ರೇಮವ್ವನಿಗೆ ಅಯ್ಯೋ ಅನಿಸಿತು.

"ಇಲ್ಲೆ ಗಿರಣ್ಯಾಗ ದುಡೀತೇನಿ," ಎಂದ ಅವನು. "ಉಳದದ್ದು ಕೂಡೇ ತೀರಿಸೋಣು."

ಕೂಡೇ ಎಂದದ್ದೇ ತಡ, ಅವಳು ಹೊಸ್ತಿಲಿಗೆ ಅಡ್ಡ ಬಂದು ನಿಂತಳು. ಜೀಪಿಗೂ ಸೀಲಿಗೂ ಅವಳು ಇಷ್ಟು ಹೆದರಿರಲಿಲ್ಲ. ಇವತ್ತು ಕುಸಿದು ಕೂತವನು ನಾಳೆ ಒಳಗೆ ಬರುತ್ತಾನೆ, ಗಲ್ಲಾಪೆಟ್ಟಿಗೆಗೆ ಕೈ ಹಾಕುತ್ತಾನೆ, ಆಮೇಲೆ ತನ್ನ ಮೇಲೆ.

"ಸಾಲ ಇಬ್ಬರದೂ ಐತಿ, ಇಲ್ಲ ಅನ್ನಾಂಗಿಲ್ಲ," ಎಂದಳು. "ಗಿರಣಿ ನಂದೊಬ್ಬಾಕಿದು. ಮೆಣಸಿನಕಾಯಿ ಯಾರ್ಡಿನಾಗ ಚೀಲಾ ಹೊರ್ರಿ, ನಿಮ್ಮ ಪಾಲು ನೀವ ಕಟ್ರಿ. ಈ ಹೊಸ್ತಿಲಾ ಮಾತ್ರ ದಾಟಬ್ಯಾಡ್ರಿ."

ಅವನು ಕುಂಟುತ್ತ ಎದ್ದು ಹೋದ. ಹೋದದ್ದು ಯಾರ್ಡಿಗೋ ಬಸ್ ಸ್ಟ್ಯಾಂಡಿಗೋ ಅವಳಿಗೆ ತಿಳಿಯಲಿಲ್ಲ. ಅವನು ಕಟ್ಟದಿದ್ದರೆ ಆ ಪಾಲೂ ತನ್ನ ತಲೆಗೇ ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಅವನನ್ನು ಕಳಿಸಿದ್ದಳು.